ಮಣ್ಣಿನ ಗ್ವಾಡಿಗೆ ಸಿಮೆಂಟ್ ಬಳಿಯೂದ ಬಿಡ್ರಿ, ಮೊದಲ ಬುಡ ಒಣಗಿಸ್ರಿ

ಇವತ್ತು ಹೊಲದ ಸುದ್ದಿ ಬಿಟ್ಟು ಮನಿ ಗ್ವಾಡಿ ಬಗ್ಗೆ ಬರೀತೇನಿ. ಮುಂಗಾರಿ ಹತ್ರ ಬಂದಾಗ ಬೀಜ, ಗೊಬ್ಬರದ ಲೆಕ್ಕ ಹಾಕತೇವಿ. ಗ್ವಾಡಿ ಲೆಕ್ಕ ಮಾತ್ರ ಬಿದ್ದ ಮ್ಯಾಲ ಹಾಕತೇವಿ.

2019ರ ಆಗಸ್ಟ್ ಮಳಿ ಯಾರೂ ಮರತಿಲ್ಲ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ತುಂಬಿ ಹರದವು. ರಾಜ್ಯದಾಗ ಲಕ್ಷಕ್ಕಿಂತ ಹೆಚ್ಚು ಮನಿಗೆ ಪೆಟ್ಟು ಬಿತ್ತು. ಆದ್ರ ಒಂದು ಮಾತು ನೆನಪ ಮಾಡಕೋರಿ. ಬಿದ್ದ ಮನಿ ಎಲ್ಲಾ ಹಳ್ಳದ ದಂಡಿ ಮ್ಯಾಗಿನವು ಅಲ್ಲ. ಹಳ್ಳದ ನೀರು ಮುಟ್ಟದ ಓಣಿಯೊಳಗೂ ಗ್ವಾಡಿ ಕುಸದವು. ಅವನ್ನ ಕೆಡವಿದ್ದು ದಿನಗಟ್ಟಲೆ ಹತ್ತಿದ ಜಿಟಿಜಿಟಿ ಮಳಿ, ಮತ್ತ ಗ್ವಾಡಿ ಬುಡಕ್ಕ ನಿಂತ ನೀರು.

ಆವಾಗಿಂದ ಎಲ್ಲಾರ ಬಾಯಾಗ ಒಂದ ಮಾತು: "ಮಣ್ಣಿನ ಮನಿ ಅಂದ್ರ ಇಷ್ಟ." ನಾನು ಇದನ್ನ ಒಪ್ಪೂದಿಲ್ಲ. ಮಣ್ಣಿನ ಗ್ವಾಡಿಗೆ ತಲಿ ಮತ್ತ ಕಾಲು ಒಣಗಿರಬೇಕು, ಅಷ್ಟ. ಇಂಗ್ಲೆಂಡಿನ ಡೆವನ್ ಅನ್ನೂ ಸೀಮಿಯೊಳಗ ನಮಗಿಂತ ಹೆಚ್ಚು ದಿನ ಮಳಿ ಬೀಳತೈತಿ. ಅಲ್ಲಿ ಮಣ್ಣು, ಹುಲ್ಲು ಕಲಸಿ ಕಟ್ಟಿದ ನೂರಾರು ವರ್ಷದ ಮನಿಯೊಳಗ ಜನ ಇವತ್ತಿಗೂ ಅದಾರ. ಮನಿಗೆ ಒಳ್ಳೆ ಟೊಪಗಿ, ಒಳ್ಳೆ ಬೂಟು ಇದ್ರ ಸಾಕು ಅಂತ ಅವರ ಹೇಳಿಕಿ. ನಮ್ಮ ಹಿರ್ಯಾರೂ ಬ್ಯಾರೆ ಏನೂ ಮಾಡಿರಲಿಲ್ಲ. ಮ್ಯಾಲ ಸವಳ ಮಣ್ಣು, ಕೆಳಗ ಕಲ್ಲಿನ ಪಾಯಾ.

ಈಗ ನಾವು ಮಾಡೂದೇನು? ಗ್ವಾಡಿ ಸ್ವಲ್ಪ ಉದುರಿತು ಅಂದ್ರ ಗೌಂಡಿ ಕರದು ಸಿಮೆಂಟ್ ಗಿಲಾವ್ ಮಾಡಸತೇವಿ. ನೋಡಾಕ ಪಕ್ಕಾ ಮನಿ. ಆದ್ರ ಮಣ್ಣು ಹಸಿಯಾದ್ರ ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಸಿಮೆಂಟ್ ಅದರ ಜೋಡಿ ಹಂಗ ಅಲಗ್ಯಾಡೂದಿಲ್ಲ. ಒಂದ ಬ್ಯಾಸಗಿಗೆ ಕೂದಲೆಳಿಯಂಥ ಬಿರುಕು ಬೀಳತಾವ. ಮಳಿಗಾಲದಾಗ ಆ ಬಿರುಕಿನ್ಯಾಗ ನೀರು ಇಳೀತೈತಿ, ಬುಡದಿಂದಲೂ ಹಸಿ ಏರತೈತಿ. ಒಳಗ ಹೋದ ನೀರು ಆರಿ ಹೊರಗ ಬರಾಕ ಸಿಮೆಂಟ್ ಬಿಡೂದಿಲ್ಲ. ಹೊರಗ ಬಣ್ಣ ಚೆಂದ, ಒಳಗ ರಾಡಿ. ಮಣ್ಣಿನ ಗಿಲಾವ್ ಇದ್ದ ಗ್ವಾಡಿ ಉದುರಿ, ಕಂದಿ ಮೊದಲ ಸೂಚನಾ ಕೊಡತೈತಿ. ಸಿಮೆಂಟ್ ಹಚ್ಚಿದ ಗ್ವಾಡಿ ಒಮ್ಮೆಲೆ ಕೂಡತೈತಿ, ಅದೂ ಮಂದಿ ಮಲಗಿದ ಹೊತ್ತಿನ್ಯಾಗ. ನಿಮ್ಮ ಗ್ವಾಡಿ ಬೆರಳ ಗೆಣ್ಣಿನಿಂದ ಬಡದು ನೋಡ್ರಿ. ಪೊಳ್ಳು ಸಪ್ಪಳ ಬಂತಂದ್ರ ಗಿಲಾವ್ ಗ್ವಾಡಿ ಬಿಟ್ಟೈತಿ ಅಂತ ತಿಳೀರಿ.

ಹಂಗಾರ ಏನ ಮಾಡಬೇಕು? ಮೃಗಶಿರಾ ಹುಟ್ಟೂದ್ರೊಳಗ ನಾಕು ಕೆಲಸ.

ಒಂದು, ಮಾಳಿಗಿ ಹತ್ತಿ ಹುಲ್ಲು, ಗಿಡ ಬೇರು ಸಮೇತ ಕೀಳ್ರಿ. ಬೇರಿನ ಗುಂಟ ನೀರು ಗ್ವಾಡಿಗೆ ಇಳೀತೈತಿ. ಬಿರುಕಿಗೆ ಸವಳ ಮಣ್ಣು ಹಾಕಿ ಬಡೀರಿ. ಅದು ನೀರು ಬಿದ್ದ ಕೂಡಲೆ ನುಣ್ಣಗ ಕರಗಿ ಸಂದಿ ಮುಚ್ಚತೈತಿ.

ಎರಡು, ಮಾಳಿಗಿ ನೀರು ಬೀಳೂ ದೋಣಿ ಗ್ವಾಡಿಯಿಂದ ಎರಡು ಫೂಟ್ ಆದ್ರೂ ಹೊರಗ ಚಾಚಿರಲಿ. ಗಿಡ್ಡ ಇದ್ರ ಪಿವಿಸಿ ಪೈಪ್ ಜೋಡಸ್ರಿ.

ಮೂರು, ಗ್ವಾಡಿ ಬುಡಕ್ಕ ಮೂರು ಫೂಟ್ ಅಗಲ ಗರಸು ಹಾಕಿ, ನೀರು ಹೊರಗ ಓಡೂವಂಗ ಇಳಿಜಾರು ಮಾಡಿ ಬಡೀರಿ. ಎರಿ ಮಣ್ಣು ಹಾಕಬ್ಯಾಡ್ರಿ. ನಮ್ಮ ಮೊರಬದ ಎರಿ ಹೆಂಗಂತ ನಿಮಗ ಗೊತ್ತೈತಿ, ಬ್ಯಾಸಗ್ಯಾಗ ಕೈ ಇಳಿಯೂವಷ್ಟು ಬಿರುಕು, ಮಳಿಗಾಲದಾಗ ಉಬ್ಬಿ ಪಾಯಾನ ಎತ್ತತೈತಿ. ಬುಡಕ್ಕ ಹತ್ತಿ ಕಟಗಿ, ಕುಳ್ಳು, ಚೀಲ ಒಟ್ಟಬ್ಯಾಡ್ರಿ. ಬಚ್ಚಲ ನೀರು ಅಲ್ಲೆ ಇಂಗಾಕ ಬಿಡಬ್ಯಾಡ್ರಿ.

ನಾಕು, ಉದುರಿದಲ್ಲಿ ಕೆಂಪು ಮಣ್ಣು, ಗೋಧಿ ಹೊಟ್ಟು, ಸಗಣಿ ಕೂಡಿಸಿ ಒಂದ ವಾರ ಕೊಳಿಸಿ, ತುಳದು, ಅದರಿಂದ ಗಿಲಾವ್ ಮಾಡ್ರಿ. ಒಣಗಿದ ಮ್ಯಾಲ ಸುಣ್ಣ. ಈ ಕೆಲಸ ಗೊತ್ತಿದ್ದ ಹಿರ್ಯಾರು ಈಗ ಓಣಿಗೊಬ್ಬರು ಸಿಗೂದು ಕಷ್ಟ. ಅವರು ಇರೂದ್ರೊಳಗ ಹುಡುಗರು ಕಲೀಬೇಕು.

ಇದೆಲ್ಲಾ ಒಂದ ಟ್ರಾಲಿ ಗರಸು, ಮನಿ ಮಂದಿ ನಾಕು ದಿನದ ದುಡಿಮಿಯೊಳಗ ಆಗೂ ಮಾತು. ಆವತ್ತು ಪೂರ್ತಿ ಬಿದ್ದ ಮನಿಗೆ ಸರಕಾರ 5 ಲಕ್ಷ ಅಂತು, ಸ್ವಲ್ಪ ಬಿದ್ದದ್ದಕ್ಕ 50 ಸಾವಿರ ಅಂತು. ಖರೆ, ಆದ್ರ ಎ, ಬಿ, ಸಿ ಅಂತ ಪಟ್ಟಿ, ಫೋಟೋ, ಕಂತು ಅಂತ ತಿರುಗಿದವರಿಗೆ ಅದರ ರುಚಿ ಗೊತ್ತೈತಿ. ಮ್ಯಾಲಾಗಿ, ಗ್ವಾಡಿ ಕೆಳಗ ಸಿಕ್ಕ ಜೀವಕ್ಕ ಯಾವ ಕಂತೂ ಇಲ್ಲ.

ಇನ್ನೊಂದು ಮಾತು ಊರ ಮಂದಿಯೆಲ್ಲಾ ಕೂಡಿ ಕೇಳಬೇಕಾದದ್ದು. ಓಣಿಗೆ ಕಾಂಕ್ರೀಟ್ ರಸ್ತೆ ಬರತಾವ, ಒಳ್ಳೇದು. ಆದ್ರ ಹಳೇದನ್ನ ಅಗೀದನ ಅದರ ಮ್ಯಾಲ ಹೊಸಾದು ಹಾಕತಾರ. ಪ್ರತಿ ಸಲ ರಸ್ತೆ ಏರತೈತಿ, ಮನಿ ತಗ್ಗಿಗೆ ಹೋಗತೈತಿ. ಕಡೀಕ ರಸ್ತೆ ನೀರಿಗೆ ನಮ್ಮ ಗ್ವಾಡಿಯ ಬುಡಾನ ಗಟಾರ. ಅದಕ್ಕ ಗ್ರಾಮಸಭೆಯೊಳಗ ಎದ್ದು ನಿಂತು ಹೇಳ್ರಿ: ಮೊದಲ ಗಟಾರ, ಆಮ್ಯಾಲ ರಸ್ತೆ. ಹಳೇ ಕಾಂಕ್ರೀಟ್ ಕಿತ್ತು, ಮನಿ ಕಟ್ಟಿಗಿಂತ ಕೆಳಗ ಮಟ್ಟ ಹಿಡೀಬೇಕು. ಬಿಲ್ ಆದ ಮ್ಯಾಲ ಬಾಯಿ ಮಾಡಿದ್ರ ಕೇಳೂವರು ಯಾರೂ ಇರೂದಿಲ್ಲ.

ಆರ್‌ಸಿಸಿ ಕಟ್ಟೂ ಶಕ್ತಿ ಇದ್ದವರು ಕಟ್ಟಲಿ, ಬ್ಯಾಡ ಅನ್ನೂದಿಲ್ಲ. ಆದ್ರ ನಮ್ಮೊಳಗ ಎಷ್ಟೋ ಮಂದಿಯ ತಾಯಿ-ತಂದಿ, ದನ-ಕರ, ವರ್ಷದ ಕಾಳು ಇವತ್ತಿಗೂ ಮಣ್ಣಿನ ಗ್ವಾಡಿ ಆಸರದಾಗ ಅದಾವ. ಗ್ವಾಡಿ ಹೊಟ್ಟಿ ಉಬ್ಬಿದ್ರ, ಬೆರಳು ಹೋಗೂವಷ್ಟು ಬಿರುಕು ಬಿಟ್ಟಿದ್ರ, ಹತ್ತಿದ ಮಳಿಯೊಳಗ ಅದರ ಬಾಜೂ ಯಾರನ್ನೂ ಮಲಗಿಸಬ್ಯಾಡ್ರಿ, ದನಾನೂ ಕಟ್ಟಬ್ಯಾಡ್ರಿ. ಉಳದ ಗ್ವಾಡಿಗೆ ಈ ವಾರಾನ ಗರಸು ತರಸ್ರಿ.