ಕಂಪ್ಲಿಯ ತೌಡು, ಕೋಳಿಯ ಕಾಲು

ತುಂಗಭದ್ರೆಯ ಕಾಲುವೆ ನೀರಿನಲ್ಲಿ ಬೆಳೆಯುವ ಕಂಪ್ಲಿಯ ಭತ್ತವು ಗಿರಣಿಯಲ್ಲಿ ಅಕ್ಕಿಯಾಗುವಾಗ ಉಳಿಯುವ ತೌಡು ಅಗ್ಗದ ಮೇವೆಂಬುದು ನಿಜವಾದರೂ, ಹೊಸಪೇಟೆ, ಸಂಡೂರುಗಳಲ್ಲಿ ಸಾಕುವ ಮಾಂಸದ ಕೋಳಿಯ ಮೂಳೆಗೆ ಅದೊಂದೇ ಆಸರೆಯಾಗದು. ಸುಮಾರು 40 ಗ್ರಾಂ ತೂಗುವ ಬ್ರಾಯ್ಲರ್ ಮರಿ ಆರು ವಾರಗಳಲ್ಲಿ 2 ಕಿಲೊ ದಾಟುವಂತೆ ತಳಿಯನ್ನು ರೂಪಿಸಲಾಗಿದ್ದು, ಸ್ನಾಯುವಿನ ಈ ವೇಗಕ್ಕೆ ಕಾಲಿನ ಮೂಳೆ ಗಟ್ಟಿಯಾಗುವ ವೇಗ ಸಾಟಿಯಾಗದಿದ್ದರೆ ಹಕ್ಕಿ ಕುಂಟುತ್ತದೆ, ಮೇವಿನ ತಟ್ಟೆಯನ್ನು ತಲುಪಲಾರದೆ ಸೊರಗುತ್ತದೆ. ಮೂಳೆ ಗಟ್ಟಿಯಾಗಲು ಬೇಕಾದ ರಂಜಕ ತೌಡಿನಲ್ಲಿ ಹೇರಳವಾಗಿದೆ. ಆದರೆ ಅದರ ಬಹುಪಾಲು ಫೈಟೇಟ್ ಎಂಬ, ಅಂದರೆ ಸಸ್ಯವು ಬೀಜದಲ್ಲಿ ರಂಜಕವನ್ನು ಕೂಡಿಡುವ ರೂಪದಲ್ಲಿರುವುದರಿಂದ, ಕೋಳಿಯ ಕರುಳು ಅದನ್ನು ಸುಲಭವಾಗಿ ಬಿಡಿಸಿಕೊಳ್ಳಲಾರದು, ಸಾಲದೆಂಬಂತೆ ಫೈಟೇಟು ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಫೈಟೇಸ್ ಎಂಬ ಕಿಣ್ವವನ್ನು ಮೇವಿಗೆ ಬೆರೆಸಿದರೆ ಈ ಗಂಟು ಸಡಿಲಗೊಳ್ಳುತ್ತದೆ. ಕ್ಯಾಲ್ಸಿಯಂ ಹಾಗೂ ದೇಹಕ್ಕೆ ದಕ್ಕುವ ರಂಜಕದ ಅನುಪಾತ ಸುಮಾರು 2:1 ಇರಬೇಕಾದ್ದರಿಂದ, ಕ್ಯಾಲ್ಸಿಯಂಗಾಗಿ ಸುಣ್ಣಕಲ್ಲಿನ ಪುಡಿಯನ್ನು ಧಾರಾಳವಾಗಿ ಸುರಿಯುವುದೂ ತಪ್ಪೇ. ಹಂಪಿಯ ಬಂಡೆಗಳನ್ನು ಕಾಯಿಸುವ ಬಿಸಿಲು ಎಷ್ಟಿದ್ದರೇನು, ಸೂರಿನಡಿಯ ಕೋಳಿಗೆ ಮೂಳೆಗೆ ಬೇಕಾದ ಡಿ3 ಜೀವಸತ್ವ ಮೇವಿನಿಂದಲೇ ಒದಗಬೇಕು. ಸಾಕಣೆದಾರರು ತೌಡಿನ ಪ್ರಮಾಣ ಹೆಚ್ಚಿಸುವ ಮುನ್ನ ಪಶುವೈದ್ಯರನ್ನು ಕೇಳಲಿ.