ಗುಡ್ಡದಿಂದ ಇಳಿದ ಬೆಳಕು

ರಾತ್ರಿ ಹನ್ನೊಂದರ ಹೊತ್ತು. ಗುಡ್ಡದ ಮೇಲಿನಿಂದ ಒಂದು ಬೆಳಕು ಇಳಿದು ಬರುತ್ತಿತ್ತು. ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಪ್ರತ್ಯಕ್ಷವಾಗುತ್ತಿತ್ತು. ಪಕ್ಕದ ಹಳ್ಳದ ಸದ್ದು ಬಿಟ್ಟರೆ ಬೇರೆ ಶಬ್ದವಿಲ್ಲ. ನಮ್ಮ ಗಾಡಿಯ ಹಿಂದಿನ ಚಕ್ರ ಕೆಸರಿನಲ್ಲಿ ಹೂತು ಅರ್ಧ ಗಂಟೆಯಾಗಿತ್ತು. "ಕೊಳ್ಳಿದೆವ್ವ ಮಾರಾಯ" ಎಂದ ಬಂಟ್ವಾಳದ ಗೆಳೆಯ. ಯಾರಿಗೂ ನಗು ಬರಲಿಲ್ಲ.

ನಾವು ಮೂವರು. ಒಬ್ಬ ಬಂಟ್ವಾಳದವ, ಒಬ್ಬ ಮೂಡುಬಿದಿರೆಯವ, ನಾನು ಬೆಳ್ತಂಗಡಿಯವ. ಓದುವುದು ಒಂದೇ ಕ್ಲಾಸಿನಲ್ಲಿ. ಮಳೆಗಾಲ ಆಗಷ್ಟೇ ಮುಗಿದಿತ್ತು, ಪರೀಕ್ಷೆಯೂ ಮುಗಿದಿತ್ತು. ಮೂಡುಬಿದಿರೆಯವನ ಭಾವನ ಫೋರ್ ವೀಲ್ ಡ್ರೈವ್ ಗಾಡಿ ಸಿಕ್ಕಿತ್ತು. ನೈಟ್ ಆಫ್‌ರೋಡ್ ರೀಲ್ಸ್ ನೋಡಿ ನೋಡಿ ನಮಗೂ ಹುಚ್ಚು ಹತ್ತಿತ್ತು. ಊಟ ಮುಗಿಸಿ ವೇಣೂರು, ಗುರುವಾಯನಕೆರೆ, ಉಜಿರೆ ದಾಟಿ ಸೋಮಂತಡ್ಕದಿಂದ ದಿಡುಪೆಯ ಕಡೆಗೆ ತಿರುಗಿದೆವು. ದಾರಿಯಲ್ಲಿ ಅಜ್ಜಿಗೆ ಫೋನ್ ಮಾಡಿ ಹೇಳಿದ್ದೇ ತಪ್ಪಾಯಿತು. "ಬೊಡ್ಚಿ ಮಗಾ, ರಾತ್ರಿ ಗುಡ್ಡೆಗೆ ಹೋಗುವುದು ಬೊಡ್ಚಿ" ಎಂದರು. ನಾನು ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ, "ಹೋದರೂ ಶಿಳ್ಳೆ ಹಾಕಬೇಡ. ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಕರೆಗೆ ಓಗೊಡಬೇಡ" ಎಂದು ಸೇರಿಸಿದರು. ಸ್ಪೀಕರ್ ಆನ್ ಇತ್ತು. ಮೂವರೂ ಬಿದ್ದು ಬಿದ್ದು ನಕ್ಕೆವು.

ಡಾಮರು ಮುಗಿದು ಮಣ್ಣಿನ ದಾರಿ ಶುರುವಾದ ಮೇಲೆ ನಗು ಕಡಿಮೆಯಾಗುತ್ತಾ ಬಂತು. ದಾರಿಯ ನಡುವೆ ಎರಡು ಕೆಂಪು ಕಣ್ಣುಗಳು ಕೆಂಡದಂತೆ ಹೊಳೆದು, ನಾವು ಹತ್ತಿರ ಹೋದಂತೆ ಸದ್ದಿಲ್ಲದೆ ಮೇಲಕ್ಕೆ ಹಾರಿಹೋದವು. ಮನೆಯೇ ಇಲ್ಲದ ಕಾಡಿನೊಳಗಿಂದ ನಾಯಿ ಬೊಗಳಿದ ಹಾಗೆ ಕೇಳಿಸಿತು. ಚಕ್ರ ಹೂತದ್ದು ಆಗಲೇ. ಬಂಟ್ವಾಳದವ ಪಣೋಲಿಬೈಲಿಗೆ ಒಂದು ಅಗೇಲು ಸೇವೆ ಹೇಳಿಕೊಂಡ. ಅಷ್ಟರಲ್ಲಿ ಆ ಬೆಳಕು ಕಾಣಿಸಿತು.

ಕಣ್ಣಿನದೂ ಬೊಗಳಿದ್ದೂ ಏನೆಂದು ಆಮೇಲೆ ತಿಳಿಯಿತು. ರಾತ್ರಿ ಮಣ್ಣಿನ ದಾರಿಯ ಮೇಲೆಯೇ ಕೂರುವ ನತ್ತಿಂಗ ಹಕ್ಕಿಯ ಕಣ್ಣು ಲೈಟ್ ಬಿದ್ದರೆ ಕೆಂಪಗೆ ಹೊಳೆಯುತ್ತದೆ. ಅಪಾಯದ ಸುಳಿವು ಸಿಕ್ಕಿದರೆ ಕಾಡುಕುರಿ ಥೇಟ್ ನಾಯಿಯಂತೆ ಬೊಗಳುತ್ತದೆ. ಅಂದರೆ ಆ ಕತ್ತಲಲ್ಲಿ ಹೆದರಿದ್ದು ನಾವು ಮಾತ್ರವಲ್ಲ, ನಮ್ಮನ್ನು ಕಂಡು ಅವೂ ಹೆದರಿದ್ದವು. ನಾವು ಹಾಕಿದ್ದ ಭಾರೀ ಲೈಟ್ ಇನ್ನೊಂದು ಕೆಲಸ ಮಾಡಿತ್ತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಅಷ್ಟು ಪ್ರಖರ ಬೆಳಕಿನ ಹಿಂದೆ ಕುಳಿತವನಿಗೆ ಅದರಾಚೆಗಿನ ಕಾಡು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ನಮ್ಮ ಭಯದಲ್ಲಿ ಅರ್ಧ ಪಾಲು ನಾವೇ ಹೊತ್ತು ತಂದದ್ದು.

ಆದರೆ ಕೊಳ್ಳಿದೆವ್ವದ ವಿಷಯ ಬೇರೆ. ಅದು ತಿರುವಿನಲ್ಲಿ ಬಂದು ನಿಂತಾಗ ನೋಡಿದರೆ, ಒಂದು ಹಳೆಯ ಜೀಪು. "ಎಂತ ಮಾರಾಯ್ರೆ, ಗಾಡಿ ದಾರಿಗೆ ಅಡ್ಡ ಇಟ್ಟದ್ದಾ? ಆ ಲೈಟ್ ಒಮ್ಮೆ ಆಫ್ ಮಾಡಿ, ಕಣ್ಣಿಗೆ ಹೊಡೀತದೆ" ಎಂದರು ಡ್ರೈವರ್. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಒಬ್ಬರು ಅಜ್ಜ ಏದುಸಿರು ಬಿಡುತ್ತಿದ್ದರು. ಅವರನ್ನು ಉಜಿರೆಗೆ ಆಸ್ಪತ್ರೆಗೆ ಒಯ್ಯುತ್ತಿದ್ದರು. ಜೀಪಿನಲ್ಲಿದ್ದ ಇಬ್ಬರು ಇಳಿದು ಚಕ್ರದಡಿಗೆ ಕಲ್ಲು, ಸೊಪ್ಪು ತುಂಬಿದರು. ಎಲ್ಲರೂ ಸೇರಿ ಗಾಡಿ ತಳ್ಳಿ, ಅಗಲ ಜಾಗ ಸಿಗುವವರೆಗೆ ಹಿಂದಕ್ಕೆ ಇಳಿಸಿ ದಾರಿ ಬಿಟ್ಟೆವು. ಇಪ್ಪತ್ತು ನಿಮಿಷ ಹೋಯಿತು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ದಾರಿ ಎಲ್ಲಿಗೆ ಹೋಗುತ್ತದೆಂದು ಬೆಳ್ತಂಗಡಿಯವನಾದ ನಾನೇ ಸರಿಯಾಗಿ ಯೋಚಿಸಿರಲಿಲ್ಲ. ಮಲವಂತಿಗೆ ಗ್ರಾಮದ ಎಳನೀರು ಇರುವುದು ಘಟ್ಟದ ಮೇಲೆ, ತಾಲೂಕು ಕೇಂದ್ರ ಇರುವುದು ಘಟ್ಟದ ಕೆಳಗೆ. ದಿಡುಪೆಗೆ ಇಳಿಯುವ ಈ ಕಚ್ಚಾ ದಾರಿ ಬಿಟ್ಟರೆ ಅಲ್ಲಿಯವರು ಸಂಸೆ, ಕುದುರೆಮುಖ, ಬಜಗೋಳಿ ಎಂದು ಘಟ್ಟ ಸುತ್ತಿ ಬರಬೇಕು. ಸರಿಯಾದ ರಸ್ತೆ ಬೇಕೆಂದು ಅವರು ಕೇಳುತ್ತಾ ಬಂದು ವರ್ಷಗಳೇ ಕಳೆದಿವೆ. ನಮಗೆ ಅಡ್ವೆಂಚರ್ ಎನಿಸಿದ ಹೊಂಡ, ಕೆಸರು, ತಿರುವು ಅವರಿಗೆ ರೇಷನ್ನಿಗೆ, ಕಚೇರಿಗೆ, ಆಸ್ಪತ್ರೆಗೆ ಹೋಗುವ ದಾರಿ.

ಹಾಗಾಗಿ ನನ್ನ ವಯಸ್ಸಿನವರಲ್ಲಿ ಒಂದು ಮಾತು. ಗಾಡಿ ಓಡಿಸುವ ಆಸೆ ತಪ್ಪಲ್ಲ. ಆದರೆ ರಾತ್ರಿಯ ಗುಡ್ಡದ ದಾರಿ ಆಟದ ಮೈದಾನವಲ್ಲ. 2019ರ ಆಗಸ್ಟ್‌ನಲ್ಲಿ ಇದೇ ಘಟ್ಟದ ಸಾಲು ಹಲವೆಡೆ ಕುಸಿದು ಚಾರ್ಮಾಡಿ ಘಾಟಿ ಬಂದ್ ಆದದ್ದನ್ನು ನಾವೆಲ್ಲ ನೋಡಿದ್ದೇವೆ. ಚಾರ್ಮಾಡಿ, ನೆರಿಯ, ಶಿಶಿಲದ ತೋಟಗಳಿಗೆ ಕಾಡಾನೆ ಬರುವುದೂ ಹೊಸ ಸುದ್ದಿಯಲ್ಲ. ಒದ್ದೆ ಮಣ್ಣಿನಲ್ಲಿ ನಾವು ಮೋಜಿಗೆ ಚಕ್ರ ತಿರುಗಿಸಿ ಮಾಡುವ ಹೊಂಡದಲ್ಲಿ ನಾಳೆ ಯಾರದೋ ಜೀಪು ಸಿಕ್ಕಿಬೀಳುತ್ತದೆ. ಹೋಗಲೇಬೇಕೆಂದಿದ್ದರೆ ಹಗಲು ಹೋಗೋಣ, ಊರಿನವರನ್ನು ಕೇಳಿ ಹೋಗೋಣ, ಕಾಡಿನ ಗಡಿ ದಾಟದೆ ಇರೋಣ.

ಅಜ್ಜಿಯ ಮಾತಿಗೂ ಈಗ ಬೇರೆ ಅರ್ಥ ಕಾಣುತ್ತಿದೆ. ಶಿಳ್ಳೆ ಹಾಕಬೇಡ ಎಂದರೆ ಗದ್ದಲ ಮಾಡಬೇಡ. ಒಂದೇ ಕರೆಗೆ ಓಗೊಡಬೇಡ ಎಂದರೆ ಮೊದಲು ನಿಂತು ಕೇಳು. ಸೂಟೆ ಹಿಡಿದು ರಾತ್ರಿಯಿಡೀ ಗುಡ್ಡ ಹತ್ತಿ ಇಳಿದು ಆಟಕ್ಕೆ, ಕೋಲಕ್ಕೆ ಹೋಗಿ ಬರುತ್ತಿದ್ದವರು ಹೆದರುಪುಕ್ಕಲರಲ್ಲ. ಕತ್ತಲಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅವರು ಭಯದ ಭಾಷೆಯಲ್ಲಿ ಹೇಳಿಟ್ಟಿದ್ದಾರೆ. ದೆವ್ವವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆ ನಡವಳಿಕೆಯನ್ನು ಮಾತ್ರ ಬಿಡುವುದು ಬೇಡ.

ಅಜ್ಜ ಹುಷಾರಾಗಿ ಮನೆಗೆ ಮರಳಿದರೆಂದು ನಾಲ್ಕನೇ ದಿನ ತಿಳಿಯಿತು. ಬಂಟ್ವಾಳದವ ಪಣೋಲಿಬೈಲಿಗೆ ಹೋಗಿ ಅಗೇಲು ಕೊಟ್ಟು ಬಂದ. ಈ ಸಲ ನಾವು ನಗಲಿಲ್ಲ, ಅವನ ಜೊತೆಗೇ ಹೋಗಿದ್ದೆವು.