ಮೇಲೆ, ಕೆಳಗೆ, ಫೀಲ್ಡಿನಲ್ಲಿ

ಕವನದೊಳಗಿನ ಪ್ರತಿಮೆಗಳನ್ನು ಹುಡುಕುವಷ್ಟು ಶ್ರದ್ಧೆಯಿಂದ ನಾವು ಆಸ್ಪತ್ರೆಯ ಮಾತನ್ನು ಕೇಳುವುದಿಲ್ಲ. ಕೇಳಬೇಕು ಗೆಳೆಯರೇ. ಅಲ್ಲಿನ ಮೇಲೆ-ಕೆಳಗೆ, ಒಳಗೆ-ಹೊರಗೆ ಎಂಬ ಮಾತುಗಳು ಬರೀ ದಿಕ್ಕು ತೋರಿಸುವುದಿಲ್ಲ. ಯಾರ ಕೆಲಸ ದೊಡ್ಡದು, ಯಾರದು ಲೆಕ್ಕಕ್ಕಿಲ್ಲ ಎಂಬುದನ್ನೂ ತೀರ್ಮಾನಿಸಿಬಿಡುತ್ತವೆ.

ಸರಕಾರದ ಲೆಕ್ಕದಲ್ಲಿ ಬಯಲುಸೀಮೆಯ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರಾಚೆ ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ. ನಕ್ಷೆಯಲ್ಲಿ ಇವೆಲ್ಲ ಒಂದೇ ನೆಲದ ಮೇಲಿವೆ. ಮಾತಿನಲ್ಲಿ ಮಾತ್ರ ಏಣಿ. ಸುತ್ತೋಲೆ ‘ಮೇಲಿನಿಂದ’ ಬರುತ್ತೆ, ವರದಿ ‘ಮೇಲಕ್ಕೆ’ ಹೋಗುತ್ತೆ. ಇಲ್ಲಿ ಫತೇಗಂಜಿನ ಗುಜರಾತಿಯಲ್ಲೂ ಹುಕುಂ ಬರುವುದು ‘ಉಪರ್‌ಥೀ’ಯೇ. ಕಷ್ಟದ ಹೆರಿಗೆಯಾದರೆ ‘ಹೈಯರ್ ಸೆಂಟರಿಗೆ ಕಳಿಸಿದ್ವಿ’ ಅಂತಾರೆ. ವಾಕ್ಯ ಅಲ್ಲಿಗೆ ಮುಗೀತು. ಆದರೆ ಆ ಹೆಂಗಸು ಏಣಿ ಹತ್ತುತ್ತಿಲ್ಲ, ಗುಂಡಿ ಬಿದ್ದ ರಸ್ತೆಯಲ್ಲಿ ನೋವು ತಿನ್ನುತ್ತಿದ್ದಾಳೆ. 2008ರಲ್ಲಿ ಕರ್ನಾಟಕಕ್ಕೆ 108 ಆಂಬ್ಯುಲೆನ್ಸ್ ಬಂತು. ನಡುವೆ ಒಂದು ದಾರಿ ಇದೆ ಅಂತ ಒಪ್ಪಿಕೊಂಡ ಹಾಗಾಯಿತು. ನಮ್ಮ ಮಾತು ಇನ್ನೂ ಒಪ್ಪಿಕೊಂಡಿಲ್ಲ.

ಇನ್ನು ‘ಫೀಲ್ಡ್’. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಸುಮಾರು 1,000 ಜನಕ್ಕೊಬ್ಬ ಆಶಾ ಕಾರ್ಯಕರ್ತೆಯನ್ನು ತಂದಿತು. ‘ಇವತ್ತು ಫೀಲ್ಡಿಗೆ ಹೋಗ್ಬೇಕು ಕಣ್ರೀ’ ಅಂತ ಆಕೆ ಹೇಳುವಾಗ ನಮಗೆ ಯಾವುದೋ ಬಯಲು ಕಾಣುತ್ತೆ. ಅಲ್ಲಿರುವುದು ಬಯಲಲ್ಲ, ಹೊಸ್ತಿಲುಗಳು. ಆಸ್ಪತ್ರೆಯಲ್ಲಿ ಹೆತ್ತು ಬಂದ ಬಾಣಂತಿಯ ಮನೆಗೇ 42 ದಿನದೊಳಗೆ ಆರು ಸಲ ಹೋಗಬೇಕು. ಕ್ಷಯದ ಮಾತ್ರೆ ಬೇಡವೆನ್ನುವ ಮುದುಕ, ಲಸಿಕೆ ಎಂದರೆ ಬಾಗಿಲು ಹಾಕುವ ಅತ್ತೆ, ಎಲ್ಲರೂ ಆ ಒಂದು ಪದದೊಳಗೆ ಅಡಗಿಹೋಗುತ್ತಾರೆ.

ಆಕೆಯನ್ನು ‘ತಳಮಟ್ಟದ ಕಾರ್ಯಕರ್ತೆ’ ಅಂತ ಹೊಗಳುತ್ತೇವೆ. ತಳದಲ್ಲಿರುವವರಿಗೆ ಸಂಬಳವಿಲ್ಲ, ಗೌರವಧನ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದು, ತಿಂಗಳಿಗೆ 15,000 ರೂಪಾಯಿ ಕೇಳುತ್ತ ಹಗಲು ರಾತ್ರಿ ಕೂತರು.

ಕೆಲಸದ ಅವಸರದಲ್ಲಿ ಚಿಕ್ಕ ಮಾತು ಬೇಕೇ ಬೇಕು, ಅವರ ಬಾಯಿಂದ ಅದನ್ನು ಕಸಿಯಲು ನಾವ್ಯಾರು? ಆದರೆ ಬರೆಯುವವರು ನಾವು ಅದನ್ನೇ ಎತ್ತಿಕೊಂಡು ಬರೆಯಬಾರದು. ‘ಮೇಲೆ ಕಳಿಸಿದರು’ ಎನ್ನುವಲ್ಲಿ ಎಷ್ಟು ಮೈಲಿ, ಯಾವ ಗಾಡಿ, ಜೊತೆಗೆ ಯಾರು ಅಂತ ಕೇಳಿ ಬರೆಯೋಣ. ರಜೆಗೆ ಊರಿಗೆ ಹೋದಾಗ ನಿಮ್ಮ ಉಪಕೇಂದ್ರದ ಅಕ್ಕನ ಹತ್ತಿರ ಅರ್ಧ ಗಂಟೆ ಕೂತು ಇಂಥ ಮಾತುಗಳನ್ನು ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೊಂದು ಪುಟ ಇಡಬಹುದು.